ಲೆಕ್ಕಕ್ಕೆ ಬಂದವರು, ಲೆಕ್ಕ ತಪ್ಪಿದವರು

ಮಕ್ಕಳು ಆಟಕ್ಕೆ ನಿಂತಾಗ ತೀರ ಚಿಕ್ಕವನೊಬ್ಬ ನಾನೂ ಬರ್ತೀನಿ ಅಂತ ಅತ್ತರೆ ಸೇರಿಸಿಕೊಳ್ಳುತ್ತಾರೆ. ಅವನು ಓಡಬಹುದು, ಬೀಳಬಹುದು, ಬೆವರಬಹುದು. ಆದರೆ ಸೋತರೂ ಸೋಲಲ್ಲ, ಗೆದ್ದರೂ ಗೆಲುವಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ. ಈ ದೇಶದ ಹೊಲೆಮಾದಿಗರ ಚರಿತ್ರೆಯನ್ನು ಒಂದೇ ಗಾದೆಯಲ್ಲಿ ಹೇಳಿ ಅಂದರೆ ಇದನ್ನೇ ಹೇಳಬೇಕು. ಉಳುವುದಕ್ಕೆ ಉಂಟು, ಪಹಣಿಯಲ್ಲಿಲ್ಲ. ಜಾತ್ರೆಯಲ್ಲಿ ತಮಟೆ ಬಡಿಯುವುದಕ್ಕೆ ಉಂಟು, ಗುಡಿಯೊಳಗಿಲ್ಲ. ಊರಿನ ಸತ್ತ ದನ ಎಳೆಯುವುದಕ್ಕೆ ಉಂಟು, ಊರಿನೊಳಗಿಲ್ಲ. ಹೀಗಿರುವಾಗ ಸರ್ಕಾರ ತಲೆ ಎಣಿಸುತ್ತದಲ್ಲ, ಆ ಲೆಕ್ಕದಲ್ಲಿ ನಾವು ಎಲ್ಲಿದ್ದೇವೆ, ಯಾವ ಹೆಸರಿನಲ್ಲಿದ್ದೇವೆ, ಯಾರ ಕೈಬರಹದಲ್ಲಿದ್ದೇವೆ ಎಂದು ಕೇಳಿಕೊಳ್ಳುವುದು ಸಣ್ಣ ಪ್ರಶ್ನೆಯಲ್ಲ.

ಶಾಲೆಯ ಪುಸ್ತಕ ಹೇಳುವುದಿಷ್ಟು: ಒಂದು ದೇಶದ ಎಲ್ಲ ಜನರ ಮಾಹಿತಿಯನ್ನು ಒಂದು ಗೊತ್ತಾದ ಕಾಲದಲ್ಲಿ ಸಂಗ್ರಹಿಸುವುದೇ ಜನಗಣತಿ. ಮಾತು ಸರಿ. ಆದರೆ ಯಾಕೆ ಸಂಗ್ರಹಿಸುತ್ತಾರೆ, ಯಾರಿಗಾಗಿ ಸಂಗ್ರಹಿಸುತ್ತಾರೆ ಎಂಬುದನ್ನು ಆ ಪುಸ್ತಕ ಹೇಳುವುದಿಲ್ಲ. ಚರಿತ್ರೆ ಹೇಳುತ್ತದೆ.

ಸೆನ್ಸಸ್ ಎಂಬ ಮಾತಿನ ಮೂಲ ಲ್ಯಾಟಿನ್. ಬೆಲೆ ಕಟ್ಟುವುದು ಎಂದು ಅದರ ಅರ್ಥ. ಪ್ರಾಚೀನ ರೋಮಿನಲ್ಲಿ ಸುಮಾರು ಐದು ವರ್ಷಕ್ಕೊಮ್ಮೆ ಪ್ರತಿಯೊಬ್ಬ ಪೌರ ಅಧಿಕಾರಿಯ ಮುಂದೆ ನಿಂತು ತನ್ನ ಹೆಸರು, ಸಂಸಾರ, ಆಸ್ತಿ ಹೇಳಬೇಕಿತ್ತು. ಆಸ್ತಿಯ ಮೇಲೆ ಅವನ ವರ್ಗ, ವರ್ಗದ ಮೇಲೆ ಅವನ ತೆರಿಗೆ, ಅವನ ದಂಡು, ಅವನ ಮತದ ತೂಕ. ಏನೂ ಇಲ್ಲದವನನ್ನು ಎಲ್ಲಿ ಬರೆಯುವುದು? ಅವನಿಗೆ ಇರುವ ಆಸ್ತಿ ಮಕ್ಕಳೊಂದೇ ಎಂದು ಮಕ್ಕಳ ಲೆಕ್ಕದಲ್ಲಿ ಬರೆದುಕೊಂಡರು. ಲ್ಯಾಟಿನ್‌ನಲ್ಲಿ ಸಂತಾನಕ್ಕೆ ಪ್ರೊಲೆಸ್ ಅನ್ನುತ್ತಾರೆ. ನಾವು ಭಾಷಣದಲ್ಲಿ ಬಳಸುವ ಪ್ರೊಲಿಟೇರಿಯನ್ ಎಂಬ ಮಾತು ಹುಟ್ಟಿದ್ದು ಈ ಖಾತೆಯಲ್ಲಿ. ದುಡಿಯುವ ವರ್ಗದ ಹೆಸರೇ ಜನಗಣತಿಯಿಂದ ಬಂದದ್ದು! ಇನ್ನು ಗುಲಾಮರು? ಅವರು ಪೌರರ ಸಾಲಿಗೆ ಸೇರಲೇ ಇಲ್ಲ. ಒಡೆಯನ ಹೊಲ, ಒಡೆಯನ ಎತ್ತು, ಒಡೆಯನ ಗುಲಾಮ.

ಚೀನಾದ ಹಾನ್ ಚಕ್ರವರ್ತಿಗಳ ಕಾಲದಲ್ಲಿ, ಕ್ರಿ.ಶ. 2ರಲ್ಲಿ, ಸುಮಾರು 5 ಕೋಟಿ 76 ಲಕ್ಷ ಜನರನ್ನು ಎಣಿಸಿ ಬರೆದಿಟ್ಟಿದ್ದಾರೆ. ಅದೂ ಕಂದಾಯಕ್ಕೆ, ದುಡಿತಕ್ಕೆ, ದಂಡಿಗೆ. ನಮ್ಮಲ್ಲಿ ಕೌಟಿಲ್ಯನ ಅರ್ಥಶಾಸ್ತ್ರ ಗೋಪನೆಂಬ ಅಧಿಕಾರಿಗೆ ಒಂದಷ್ಟು ಹಳ್ಳಿಗಳನ್ನು ಒಪ್ಪಿಸುತ್ತದೆ. ಅಲ್ಲಿ ನಾಲ್ಕು ವರ್ಣದವರು ಎಷ್ಟು, ಒಕ್ಕಲಿಗರು ಎಷ್ಟು, ದನಗಾಹಿಗಳು ಎಷ್ಟು, ಕೂಲಿಗಳು ಎಷ್ಟು, ದಾಸರು ಎಷ್ಟು, ಎರಡು ಕಾಲಿನವು ಎಷ್ಟು, ನಾಲ್ಕು ಕಾಲಿನವು ಎಷ್ಟು ಎಂದು ಅವನು ಬರೆದಿಡಬೇಕು. ಯಾವ ಮನೆಯಿಂದ ಎಷ್ಟು ಹೊನ್ನು, ಎಷ್ಟು ಸುಂಕ, ಎಷ್ಟು ವಿಷ್ಟಿ ಬರುತ್ತದೆಂದೂ ಬರೆಯಬೇಕು. ವಿಷ್ಟಿ ಎಂದರೆ ಕೂಲಿಯಿಲ್ಲದ ದುಡಿತ. ಆ ಮಾತೇ ಸವೆದು ನಮ್ಮ ಬಾಯಲ್ಲಿ ಬಿಟ್ಟಿ ಆಯಿತು. ಅದೇ ಗ್ರಂಥ ಚಂಡಾಲರಿಗೆ ಮಸಣದ ಅಂಚಿನಲ್ಲಿ ವಾಸ ಗೊತ್ತುಮಾಡಿದೆ. ಹಾಗಾಗಿ ಬ್ರಿಟಿಷರು ಬರುವ ಎಷ್ಟೋ ಮೊದಲೇ ಈ ನೆಲದಲ್ಲಿ ಎಣಿಕೆಯ ಕಲ್ಪನೆ ಇತ್ತು, ಅದರೊಳಗೆ ಬಿಟ್ಟಿ ಇತ್ತು, ಅದರ ಅಂಚಿನಲ್ಲಿ ಕೇರಿ ಇತ್ತು.

ಆಳುವವನ ಎಣಿಕೆಗೆ ಕಣ್ಣು ಬೊಕ್ಕಸದ ಮೇಲೆ. ಅದಕ್ಕೇ ಜನ ಎಣಿಕೆಗೆ ಹೆದರುತ್ತಿದ್ದರು. ತಲೆ ಎಣಿಸಿದರೆ ತಲೆಗಂದಾಯ ಬಂತು ಅಂತಲೇ ಅರ್ಥ.

ಜನ ಎಣಿಸಿ ಆ ಪ್ರಕಾರ ಅಧಿಕಾರ ಹಂಚಬೇಕು ಎಂಬ ಹೊಸ ಮಾತು ಸಂವಿಧಾನದಲ್ಲಿ ಬರೆದು ಜಾರಿಗೆ ಬಂದದ್ದು ಅಮೆರಿಕದಲ್ಲಿ, 1790ರ ಗಣತಿಯಿಂದ. ಯಾವ ರಾಜ್ಯದಲ್ಲಿ ಎಷ್ಟು ಜನವೋ ಅಷ್ಟು ಪ್ರತಿನಿಧಿಗಳು. ಕೇಳಲು ಎಷ್ಟು ಚೆಂದ! ಆದರೆ ಆಗ ಅಲ್ಲಿ ಸುಮಾರು ಏಳು ಲಕ್ಷ ಕರಿಯ ಗುಲಾಮರಿದ್ದರು. ಅವರನ್ನು ಎಣಿಸಬೇಕೋ ಬೇಡವೋ? ಗುಲಾಮರನ್ನು ಇಟ್ಟುಕೊಂಡಿದ್ದ ದಕ್ಷಿಣದ ಒಡೆಯರೇ ಎಣಿಸಿ, ಪೂರ್ತಿ ಎಣಿಸಿ ಎಂದು ಹಟ ಹಿಡಿದರು. ಗುಲಾಮರ ಮೇಲೆ ಪ್ರೀತಿ ಉಕ್ಕಿತೇ? ಇಲ್ಲ. ಗುಲಾಮರ ತಲೆ ಸೇರಿದರೆ ಒಡೆಯರ ಸೀಟು ಹೆಚ್ಚುತ್ತಿತ್ತು. ಕಡೆಗೆ 1787ರಲ್ಲಿ ರಾಜಿಯಾಗಿ ಐದು ಗುಲಾಮರು ಮೂರು ಜನಕ್ಕೆ ಸಮ ಎಂದು ಸಂವಿಧಾನದಲ್ಲೇ ಬರೆದರು. ಎಣಿಕೆಗೆ ಮುಕ್ಕಾಲಿಗಿಂತ ಕಡಿಮೆ ಮನುಷ್ಯ, ಮತಕ್ಕೆ ಸೊನ್ನೆ. 1850 ಮತ್ತು 1860ರ ಗುಲಾಮರ ಪಟ್ಟಿಗಳಲ್ಲಿ ಒಡೆಯನ ಹೆಸರಿದೆ. ಅದರ ಕೆಳಗೆ ಗುಲಾಮರ ವಯಸ್ಸು, ಲಿಂಗ, ಬಣ್ಣ ಇವೆ. ಅವರ ಹೆಸರಿಗೆ ಮಾತ್ರ ಜಾಗವಿಲ್ಲ. ಈ ಲೆಕ್ಕ ಅಳಿಸಲು ಒಂದು ಅಂತರ್ಯುದ್ಧವೇ ಆಗಬೇಕಾಯಿತು. ಇಡೀ ಮನುಷ್ಯ ಎಂದು ಬರೆದದ್ದು 1868ರ ತಿದ್ದುಪಡಿಯಲ್ಲಿ. ಜೋತಿಬಾ ಫುಲೆ 1873ರಲ್ಲಿ ತಮ್ಮ ‘ಗುಲಾಮಗಿರಿ’ಯನ್ನು ಆ ಗುಲಾಮರ ಬಿಡುಗಡೆಗೆ ಹೋರಾಡಿದ ಅಮೆರಿಕನ್ನರಿಗೆ ಅರ್ಪಿಸಿದ್ದು ಸುಮ್ಮನೆ ಅಲ್ಲ. ಒಡೆಯ ತನ್ನ ಲಾಭಕ್ಕಾಗಿ ಗುಲಾಮನ ತಲೆ ಎಣಿಸಿಕೊಳ್ಳುತ್ತಾನೆ ಎಂಬ ಈ ಮಾತನ್ನು ನೆನಪಿಟ್ಟುಕೊಳ್ಳಿ, ಇದು ನಮ್ಮ ಕಥೆಯಲ್ಲೂ ಬರುತ್ತದೆ.

ಈಗ ನಮ್ಮ ನೆಲಕ್ಕೆ ಬರೋಣ. ಹಳ್ಳಿಯ ಹಿರಿಯರು ಜನಗಣತಿಗೆ ಖಾನೇಶುಮಾರಿ ಅನ್ನುತ್ತಾರೆ. ಖಾನೆ ಅಂದರೆ ಪಾರಸಿಯಲ್ಲಿ ಮನೆ, ಶುಮಾರಿ ಅಂದರೆ ಎಣಿಕೆ. ಮನೆ ಎಣಿಸುವುದು ಕಂದಾಯದ ಕೆಲಸ, ಅದರ ಕಡತ ಶಾನುಭೋಗನ ಕೈಯಲ್ಲಿ. ಊರಿನ ಯಾವ ಹೊಲ ಯಾರದು, ಎಲ್ಲೆ ಎಲ್ಲಿಗೆ ಮುಗಿಯಿತು ಎಂಬುದು ಕುಳವಾಡಿಗೆ ಅಂಗೈ ಗೆರೆಯಷ್ಟು ಗೊತ್ತಿತ್ತು; ಎಲ್ಲೆಯ ವ್ಯಾಜ್ಯದಲ್ಲಿ ಹೊಲೆಯ ಕುಳವಾಡಿಯ ಮಾತಿಗೆ ತೂಕ ಎಂದು ಬ್ರಿಟಿಷರ ಗ್ಯಾಸೆಟಿಯರುಗಳೇ ಬರೆದಿವೆ. ಊರನ್ನು ಬಲ್ಲವನಿಗೆ ಅಕ್ಷರವಿಲ್ಲ, ಅಕ್ಷರ ಬಲ್ಲವನಿಗೆ ಕೇರಿ ಗೊತ್ತಿಲ್ಲ. ನೆರಳು ಸೋಕಿದರೆ ಸ್ನಾನ ಮಾಡುತ್ತಿದ್ದ ಕಾಲದಲ್ಲಿ ಲೇಖನಿ ಹಿಡಿದವನು ಹೊಲಗೇರಿಯ ಕೊನೆಯ ಗುಡಿಸಲತನಕ ನಡೆದು ತಲೆ ಎಣಿಸಿದ ಅಂತ ಹೇಗೆ ನಂಬುವುದು?

ಇಡೀ ಬ್ರಿಟಿಷ್ ಇಂಡಿಯಾದ ಮೊದಲ ಗಣತಿ 1867ರಿಂದ 1872ರ ತನಕ ಬೇರೆ ಬೇರೆ ಕಡೆ ಬೇರೆ ಬೇರೆ ಕಾಲಕ್ಕೆ ನಡೆಯಿತು. ಮೈಸೂರಿನಲ್ಲಿ ನಡೆದದ್ದು 1871ರಲ್ಲಿ. ದೇಶದ ಉದ್ದಗಲ ಒಂದೇ ರಾತ್ರಿಯ ಲೆಕ್ಕ ಹಿಡಿದದ್ದು 1881ರ ಫೆಬ್ರವರಿ 17ರಂದು. ಆ ಎರಡು ಗಣತಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1871ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50 ಲಕ್ಷ 55 ಸಾವಿರ ಜನ. 1881ರಲ್ಲಿ ಸುಮಾರು 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಎಂಟೂವರೆ ಲಕ್ಷಕ್ಕೂ ಹೆಚ್ಚು ಜನ ಕಡಿಮೆ! ನಡುವೆ ಬಂದದ್ದು 1876–78ರ ಬರ, ನಮ್ಮ ಅಜ್ಜಿಯರು ಹೆಸರೆತ್ತಲು ಹೆದರುತ್ತಿದ್ದ ಧಾತು-ಈಶ್ವರ ಬರ. ಬರ ಮೊದಲು ಹೊಡೆಯುವುದು ಹಗೇವು ಇದ್ದವನನ್ನಲ್ಲ, ಆ ಹೊತ್ತಿನ ಕೂಲಿಯನ್ನು ಆ ಹೊತ್ತೇ ಉಣ್ಣುವವನನ್ನು. ಸತ್ತವರಿಗೆ ಕಲ್ಲು ನೆಟ್ಟವರಿಲ್ಲ, ಹಾಡು ಕಟ್ಟಿದವರು ಕಡಿಮೆ. ಅವರು ಉಳಿದಿರುವುದು ಎರಡು ಅಂಕಿಗಳ ನಡುವಿನ ಕಳೆಯುವ ಲೆಕ್ಕದಲ್ಲಿ. ಆಳುವವರು ತಮಗಾಗಿ ಮಾಡಿದ ಎಣಿಕೆಯೇ ಆಳುವವರ ಮೇಲೆ ಸಾಕ್ಷಿ ಹೇಳಿತು. ಎಣಿಕೆಯೆಂಬ ಕತ್ತಿಗೆ ಎರಡು ಬಾಯಿ ಎನ್ನುವುದು ಇದಕ್ಕೇ.

ಬ್ರಿಟಿಷರು ತಲೆಯ ಜೊತೆ ಜಾತಿಯನ್ನೂ ಬರೆದುಕೊಂಡರು. 1901ರ ಗಣತಿಯ ಮುಖ್ಯಸ್ಥ ರಿಸ್ಲೆ ಒಂದು ಹೆಜ್ಜೆ ಮುಂದೆ ಹೋಗಿ ಯಾವ ಜಾತಿ ಮೇಲೆ, ಯಾವ ಜಾತಿ ಕೆಳಗೆ ಎಂದು ಶ್ರೇಣಿ ಹಾಕಹೊರಟ. ಮೂಗಿನ ಉದ್ದಗಲ ಅಳೆದು ಜನಾಂಗ ನಿರ್ಧರಿಸುತ್ತಿದ್ದ ಮಹಾಶಯನೂ ಅವನೇ. ಶುರುವಾಯಿತು ನೋಡಿ ಅರ್ಜಿಗಳ ಸುರಿಮಳೆ. ನಮ್ಮನ್ನು ಕ್ಷತ್ರಿಯರು ಅಂತ ಬರೀರಿ, ನಮ್ಮನ್ನು ವೈಶ್ಯರು ಅಂತ ಬರೀರಿ ಎಂದು ದೇಶದ ಮೂಲೆಮೂಲೆಯಿಂದ ಜಾತಿ ಸಭೆಗಳು ಸಾಲುಗಟ್ಟಿದವು.

ಇದನ್ನೇ ಹಿಡಿದು ಇವತ್ತು ಕೆಲವು ಪಂಡಿತರು ಜಾತಿಯನ್ನು ಹುಟ್ಟಿಸಿದ್ದೇ ಬ್ರಿಟಿಷರ ಜನಗಣತಿ ಅಂತಾರೆ. ಸ್ವಾಮಿ, ಜನಗಣತಿ ಜಾತಿಯ ಗೆರೆಗಳನ್ನು ಗಟ್ಟಿ ಮಾಡಿರಬಹುದು, ಒಂದೂರಿನ ಕುಲವನ್ನು ಇಡೀ ಪ್ರಾಂತ್ಯದ ಸಂಘ ಮಾಡಿರಬಹುದು. ಒಪ್ಪೋಣ. ಆದರೆ ಊರಾಚೆ ಕೇರಿ ಕಟ್ಟಿದ್ದು ಯಾವ ಸೆನ್ಸಸ್ ಕಮಿಷನರ್? ಬೇರೆ ಬಾವಿ ತೋಡಿಸಿದ್ದು ಯಾವ ರಿಸ್ಲೆ? ಹನ್ನೆರಡನೆಯ ಶತಮಾನದಲ್ಲಿ ಶರಣರು ಜಾತಿಯ ವಿರುದ್ಧ ಎದ್ದು ನಿಂತಾಗ ಯಾವ ಗಣತಿಯ ಪುಸ್ತಕ ಎದುರಿಗಿತ್ತು? ಕನ್ನಡಿ ಒಡೆದರೆ ಮುಖದ ಮೇಲಿನ ಗಾಯ ಮಾಯುವುದಿಲ್ಲ.

ನಮ್ಮ ಕಥೆಯ ತಿರುವು ಬಂದದ್ದು 1911ರ ಗಣತಿಯಲ್ಲಿ. 1906ರಲ್ಲಿ ಮುಸ್ಲಿಂ ನಿಯೋಗವೊಂದು ವೈಸರಾಯ್ ಮಿಂಟೋವನ್ನು ಕಂಡು, ಅಸ್ಪೃಶ್ಯರನ್ನು, ಬುಡಕಟ್ಟಿನವರನ್ನು ಸೇರಿಸಿಕೊಂಡು ಹಿಂದೂಗಳ ಸಂಖ್ಯೆ ತೋರಿಸುತ್ತಿದ್ದಾರೆ, ಅದರ ಮೇಲೆ ಪ್ರಾತಿನಿಧ್ಯ ಹಂಚುವುದು ಸರಿಯಲ್ಲ ಎಂದಿತ್ತು. ಗಣತಿಯ ಕಮಿಷನರ್ ಗೇಟ್ ಒಂದು ಸುತ್ತೋಲೆ ಹೊರಡಿಸಿದ. ಹಿಂದೂ ಎಂದು ಬರೆಸಿಕೊಂಡವರಲ್ಲಿ ಬ್ರಾಹ್ಮಣರ ಮೇಲ್ಮೆಯನ್ನು ಒಪ್ಪದವರು ಯಾರು, ಬ್ರಾಹ್ಮಣ ಪುರೋಹಿತರೇ ಇಲ್ಲದವರು ಯಾರು, ಗುಡಿಯ ಒಳಗೆ ಬಿಡದವರು ಯಾರು, ಮುಟ್ಟಿದರೆ ಮೈಲಿಗೆಯಾಗುವವರು ಯಾರು, ಹೆಣ ಹೂಳುವವರು ಯಾರು, ದನದ ಮಾಂಸ ತಿನ್ನುವವರು ಯಾರು ಎಂದು ಹೀಗೆ ಹತ್ತು ಪ್ರಶ್ನೆ ಹಾಕಿ ಬೇರೆ ಪಟ್ಟಿ ಮಾಡಿರೆಂದ. ಸವರ್ಣೀಯರು ಹೌಹಾರಿದರು. ಗುಡಿಯೊಳಗೆ ಬಿಡದವರನ್ನು ಲೆಕ್ಕದೊಳಗಿಂದ ಮಾತ್ರ ಬಿಟ್ಟುಕೊಡಲಾರರು! ಅಮೆರಿಕದ ದಕ್ಷಿಣದ ಒಡೆಯರಿಗೂ ಇವರಿಗೂ ಏನು ವ್ಯತ್ಯಾಸ? ಅಲ್ಲೂ ತಲೆ ಬೇಕಿತ್ತು, ಮನುಷ್ಯ ಬೇಕಿರಲಿಲ್ಲ. ಅಸ್ಪೃಶ್ಯರೆಂದರೆ ಯಾರು, ಎಷ್ಟು ಜನ ಎಂಬುದು ಬೇರೆಯಾಗಿ ದಾಖಲೆಗೆ ಬಂದದ್ದು ಈ ಗಣತಿಯಿಂದ ಎಂದು ಅಂಬೇಡ್ಕರ್ ಬರೆದಿದ್ದಾರೆ.

ಅಂಕಿಯನ್ನು ಆಯುಧವಾಗಿ ಹಿಡಿದವರೂ ಅವರೇ. 1919ರಲ್ಲಿ ಸೌತ್‌ಬರೋ ಸಮಿತಿಯ ಮುಂದೆ, ಆಮೇಲೆ ಸೈಮನ್ ಆಯೋಗದ ಮುಂದೆ, ಆಮೇಲೆ ದುಂಡುಮೇಜಿನ ಪರಿಷತ್ತಿನಲ್ಲಿ ಅವರು ಕೇಳಿದ್ದು ದಯೆಯನ್ನಲ್ಲ, ಪಾಲನ್ನು. ನಾವು ಇಷ್ಟು ಜನ ಇದ್ದೇವೆ, ಇಷ್ಟು ಸೀಟು ಕೊಡಿ. ಆಗ ನಡೆದ ಚಮತ್ಕಾರ ನೋಡಿ. 1932ರಲ್ಲಿ ಲೋಥಿಯನ್ ಸಮಿತಿ ಮತಾಧಿಕಾರದ ವಿಚಾರಣೆಗೆ ಬಂದಾಗ ಪ್ರಾಂತ್ಯಗಳಲ್ಲಿ ಅಸ್ಪೃಶ್ಯರು ಇದ್ದಕ್ಕಿದ್ದಂತೆ ಮಾಯವಾದರು. ಸಂಯುಕ್ತ ಪ್ರಾಂತ್ಯದಲ್ಲಿ ಗಣತಿಯ ಅಂದಾಜು 1 ಕೋಟಿ 26 ಲಕ್ಷ, ಅಲ್ಲಿನ ಪ್ರಾಂತೀಯ ಸಮಿತಿಯ ಲೆಕ್ಕ ಬರೀ 6 ಲಕ್ಷ. ಬಂಗಾಳದಲ್ಲಿ ಗಣತಿಯ ಪ್ರಕಾರ 1 ಕೋಟಿ 3 ಲಕ್ಷ, ಪ್ರಾಂತೀಯ ಸಮಿತಿಯ ಪ್ರಕಾರ 70 ಸಾವಿರ. ಅಂಬೇಡ್ಕರ್ ಈ ಅಂಕಿಗಳನ್ನು ಎದುರಿಗಿಟ್ಟು ಕೇಳಿದರು: ಇಷ್ಟು ವರ್ಷ ಸುಮ್ಮನಿದ್ದವರು ಈಗ ಯಾಕೆ ನಮ್ಮ ಸಂಖ್ಯೆಯನ್ನು ಅಲ್ಲಗಳೆಯುತ್ತಿದ್ದಾರೆ? ಉತ್ತರ ಎಲ್ಲರಿಗೂ ಗೊತ್ತಿತ್ತು. ಹಿಂದೂಗಳ ಸಂಖ್ಯೆ ತೋರಿಸುವಾಗ ನಾವು ಕೋಟಿ, ಪಾಲು ಕೊಡುವಾಗ ನಾವು ಸಾವಿರ. ಜನಗಣತಿಯ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠ ಒಂದೇ ಇದ್ದರೆ ಅದು ಇದು: ಪಾಲು ಹುಟ್ಟಿದ ಕೂಡಲೇ ತಲೆ ಕಾಣೆಯಾಗುತ್ತದೆ.

ಅದೇ ಕಾಲದಲ್ಲಿ ನಮ್ಮ ಜನ ಇನ್ನೊಂದು ಹೋರಾಟವನ್ನೂ ಮಾಡಿದರು. ಅದು ಹೆಸರಿನ ಹೋರಾಟ. ಬೈಗುಳವಾಗಿದ್ದ ಹೆಸರನ್ನು ಗಣತಿಯ ಪುಸ್ತಕದಿಂದ ಕಿತ್ತು ಹಾಕಿ, ನಾವು ಈ ನೆಲದ ಮೊದಲಿಗರು ಅಂತ ಬರೆಸಿದರು. ಮದರಾಸಿನಲ್ಲಿ ಆದಿ ದ್ರಾವಿಡ, ಮೈಸೂರಿನಲ್ಲಿ ಆದಿ ಕರ್ನಾಟಕ. ನಮ್ಮ ಕಲಬುರಗಿ, ರಾಯಚೂರು, ಬೀದರ್ ಸೇರಿದ್ದ ಹೈದರಾಬಾದ್ ಸಂಸ್ಥಾನದಲ್ಲಿ ಭಾಗ್ಯರೆಡ್ಡಿ ವರ್ಮ ಹೋರಾಡಿ 1931ರಲ್ಲಿ ಆದಿ ಹಿಂದೂ ಎಂದು ಬರೆಸಿದರು. ಪಂಜಾಬಿನಲ್ಲಿ ಮಂಗೂರಾಮ್ ಮುಂದಾಳತ್ವದಲ್ಲಿ 4,18,789 ಜನ ನಮ್ಮ ಧರ್ಮ ಆದ್ ಧರ್ಮ ಎಂದು ಬರೆಸಿದರು. ಓದು ಬಾರದ ಲಕ್ಷಾಂತರ ಜನ ಎಣಿಸುವವನ ಮುಂದೆ ನಿಂತು ತಮ್ಮ ಹೆಸರನ್ನು ತಾವೇ ಇಟ್ಟುಕೊಂಡದ್ದು ಸಣ್ಣ ಬಂಡಾಯವಲ್ಲ.

ಆದರೆ ಸ್ವಾಭಿಮಾನದ ಆ ಹೆಸರೇ ಮುಂದೆ ಮಂಜಾಗಿ ಕವಿಯಿತು. ಆದಿ ಕರ್ನಾಟಕ, ಆದಿ ದ್ರಾವಿಡ ಎಂದು ಹೊಲೆಯರೂ ಬರೆಸಿದರು, ಮಾದಿಗರೂ ಬರೆಸಿದರು. ಯಾರು ಎಷ್ಟು ಎಂಬುದು ಯಾವ ಗಣತಿಯಿಂದಲೂ ತಿಳಿಯದಾಯಿತು. ಒಳಮೀಸಲಾತಿಯ ಕೂಗು ಎದ್ದಾಗ ಈ ಮಂಜೇ ಅಡ್ಡಗೋಡೆ. 2005ರಲ್ಲಿ ನೇಮಕವಾಗಿ 2012ರಲ್ಲಿ ವರದಿ ಕೊಟ್ಟ ಸದಾಶಿವ ಆಯೋಗ ಇದರೊಂದಿಗೆ ಗುದ್ದಾಡಿತು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳವರ್ಗೀಕರಣಕ್ಕೆ ದಾರಿ ಬಿಟ್ಟ ಮೇಲೆ, 2025ರಲ್ಲಿ ನಾಗಮೋಹನ ದಾಸ್ ಆಯೋಗ ಮತ್ತೆ ಮನೆ ಮನೆಗೆ ಹೋಗಿ, ಆದಿ ಕರ್ನಾಟಕ ಸರಿ, ಮೂಲ ಜಾತಿ ಯಾವುದು ಎಂದು ಕೇಳಬೇಕಾಯಿತು. ಅಣ್ಣತಮ್ಮಂದಿರ ನಡುವೆ ಪಾಲು ನ್ಯಾಯವಾಗಿ ಆಗಬೇಕಾದರೆ ಮನೆಯೊಳಗಿನ ಲೆಕ್ಕವೂ ನೇರ ಇರಬೇಕು. ಇದನ್ನು ನಾವೇ ನಮಗೆ ಹೇಳಿಕೊಳ್ಳಬೇಕು.

ಜಾತಿಗಳ ಪೂರ್ತಿ ಪಟ್ಟಿ ಅಚ್ಚಾದದ್ದು 1931ರಲ್ಲೇ ಕೊನೆ. 1941ರಲ್ಲಿ ಯುದ್ಧ ಅಂತ ಕೈಬಿಟ್ಟರು. 1951ರಲ್ಲಿ ಸ್ವತಂತ್ರ ಭಾರತ ಪರಿಶಿಷ್ಟ ಜಾತಿ, ಪಂಗಡಗಳನ್ನು ಮಾತ್ರ ಎಣಿಸಿ, ಉಳಿದವರ ಜಾತಿ ಕೇಳುವುದನ್ನು ನಿಲ್ಲಿಸಿತು. ಜಾತಿ ಕೇಳದಿದ್ದರೆ ಜಾತಿ ಸಾಯುತ್ತದೆ ಅಂದರು. ಸತ್ತಿತೇ? ನಮ್ಮ ಜಾತಿಗೆ ಕಾಲಂ ಉಂಟು, ಜಮೀನ್ದಾರನ ಜಾತಿಗೆ ಇಲ್ಲ. ಬಡತನ ಯಾವ ಜಾತಿಯದೆಂದು ಸರ್ಕಾರಕ್ಕೆ ಗೊತ್ತು, ಸಿರಿತನ ಯಾವ ಜಾತಿಯದೆಂದು ಗೊತ್ತಿಲ್ಲ! 1980ರಲ್ಲಿ ವರದಿ ಕೊಟ್ಟ ಮಂಡಲ್ ಆಯೋಗ ಹಿಂದುಳಿದವರು ಎಷ್ಟೆಂದು ಹೇಳಲು ಅರ್ಧ ಶತಮಾನದ ಹಿಂದಿನ 1931ರ ಪುಸ್ತಕವನ್ನೇ ತೆರೆಯಬೇಕಾಯಿತು. ಕರ್ನಾಟಕದಲ್ಲಿ 2015ರಲ್ಲಿ ನಡೆದ ಸಮೀಕ್ಷೆಯ ವರದಿ ಸರ್ಕಾರದ ಕೈ ಸೇರಿದ್ದು 2024ರಲ್ಲಿ. 2025ರಲ್ಲಿ ಅದು ಹಳತಾಯಿತೆಂದು ಮತ್ತೆ ಹೊಸ ಸಮೀಕ್ಷೆ.

ಪಟ್ಟಿಯೊಳಗೂ ಬಾಗಿಲು ಹಾಕುವವರಿದ್ದರು. 1950ರ ಆದೇಶದ ಪ್ರಕಾರ ಹಿಂದೂಗಳಲ್ಲದವರು ಪರಿಶಿಷ್ಟ ಜಾತಿಯಲ್ಲ. ಸಿಖ್ ದಲಿತರನ್ನು 1956ರಲ್ಲಿ ಪೂರ್ತಿ ಒಳಗೆ ಬಿಟ್ಟರು. ಅದೇ 1956ರಲ್ಲಿ ಬಾಬಾಸಾಹೇಬರ ಹಿಂದೆ ಬೌದ್ಧರಾದ ಲಕ್ಷಾಂತರ ಜನ 1990ರ ತನಕ ಹೊರಗೇ ನಿಂತರು. ಧರ್ಮ ಬಿಟ್ಟ ದಿನವೇ ಅವರ ಕೇರಿ ಊರೊಳಗೆ ಬಂದಿತೇ? ಗುಡಿಸಲು ಅಲ್ಲೇ, ಅವಮಾನ ಅಲ್ಲೇ. ಗಣತಿಯ ಕಾಲಂ ಮಾತ್ರ ಬೇರೆ. ಕ್ರೈಸ್ತ ದಲಿತರ ಮುಂದೆ ಆ ಬಾಗಿಲು 1990ರ ತಿದ್ದುಪಡಿಯಲ್ಲೂ ತೆರೆಯಲಿಲ್ಲ.

ಈ ಲೆಕ್ಕದಿಂದ ಏನಾಗುತ್ತೆ ಅಂತ ಕೇಳುವ ಹುಡುಗರಿದ್ದಾರೆ. ಸಂವಿಧಾನದ 330 ಮತ್ತು 332ನೇ ವಿಧಿಗಳಲ್ಲಿ ನಮ್ಮ ಸೀಟುಗಳು ನಮ್ಮ ಜನಸಂಖ್ಯೆಗೆ ತಕ್ಕಂತೆ. 2011ರ ಗಣತಿಯಲ್ಲಿ ಕರ್ನಾಟಕದ 6 ಕೋಟಿ 11 ಲಕ್ಷ ಜನರಲ್ಲಿ ಪರಿಶಿಷ್ಟ ಜಾತಿಯವರು 1 ಕೋಟಿ 4 ಲಕ್ಷಕ್ಕೂ ಹೆಚ್ಚು, ನೂರಕ್ಕೆ 17.15. ಪಂಗಡದವರು ನೂರಕ್ಕೆ 6.95. ಎರಡೂ ಸೇರಿ 24.1. ರಾಜ್ಯದ ಯೋಜನಾ ಹಣದಲ್ಲಿ ಅಷ್ಟೇ ಪಾಲು ನಮಗೆ ಮೀಸಲಿಡಬೇಕೆಂದು 2013ರ ಕಾಯಿದೆ ಹೇಳುತ್ತದೆ. ಕೇರಿಯ ಒಂದು ಮನೆ ಬಿಟ್ಟುಹೋದರೆ ಅಷ್ಟರಮಟ್ಟಿಗೆ ಒಂದು ಹಾಸ್ಟೆಲ್ಲಿನ ಚಾಪೆ, ಒಂದು ಕೊಳವೆಬಾವಿಯ ಪೈಪು ಬಿಟ್ಟುಹೋದಂತೆ.

2021ರಲ್ಲಿ ನಡೆಯಬೇಕಿದ್ದ ಗಣತಿ ಆ ವರ್ಷ ನಡೆಯಲಿಲ್ಲ. 2025ರ ಏಪ್ರಿಲ್ 30ರಂದು ಕೇಂದ್ರ ಸರ್ಕಾರ ಮುಂದಿನ ಗಣತಿಯಲ್ಲಿ ಎಲ್ಲರ ಜಾತಿ ಬರೆಯುವುದಾಗಿ ತೀರ್ಮಾನಿಸಿತು. ಹಿಮದ ಪ್ರದೇಶಗಳನ್ನು ಬಿಟ್ಟು ಉಳಿದ ದೇಶಕ್ಕೆ 2027ರ ಮಾರ್ಚ್ 1 ಎಣಿಕೆಯ ಗಳಿಗೆ ಎಂದು ಜೂನ್ 16ರ ಅಧಿಸೂಚನೆ ಹೇಳಿದೆ. ಶಾನುಭೋಗನ ಕಡತದ ಬದಲು ಮೊಬೈಲು ಫೋನು.

ಈ ಕಡೆಯ ಮಾತು ಮೇಷ್ಟ್ರುಗಳಿಗೆ. ಈ ದೇಶದ ಗಣತಿ ಯಾವತ್ತೂ ನಡೆದಿರುವುದು ನಿಮ್ಮ ಕಾಲಿನ ಮೇಲೆ. ಶಾನುಭೋಗನ ಲೇಖನಿ ಈಗ ನಿಮ್ಮ ಕೈಯಲ್ಲಿದೆ. ನಿಮ್ಮಲ್ಲಿ ಎಷ್ಟೋ ಜನ ಕೇರಿಯ ಮಕ್ಕಳು. ಪಟೇಲರ ಮನೆ ಜಗಲಿಯಲ್ಲಿ ಕೂತು ಕೇರಿಯ ಲೆಕ್ಕ ಬರೆಯಬೇಡಿ. 2025ರ ಸಮೀಕ್ಷೆಯಲ್ಲಿ ಬೆಂಗಳೂರಿನ ಕೆಲವು ಕಡೆ ಯಾರನ್ನೂ ಮಾತಾಡಿಸದೆ ಗೋಡೆಗೆ ಚೀಟಿ ಅಂಟಿಸಿ ಹೋದರೆಂದು ದೂರುಗಳು ಬಂದವು. ಆ ಚೀಟಿಯ ಹಿಂದೆ ಒಂದು ಸಂಸಾರವೇ ಕಾಣೆಯಾಗುತ್ತದೆ. ಗಂಡನಿಲ್ಲದ ದೇವದಾಸಿ ತಾಯಿಯನ್ನು ಮನೆಯ ಯಜಮಾನಿ ಎಂದೇ ಬರೆಯಿರಿ. ಇಟ್ಟಿಗೆ ಗೂಡಿಗೆ, ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಹೋದವರು ಊರಲ್ಲೂ ಇಲ್ಲ ಅಲ್ಲೂ ಇಲ್ಲ ಆಗದಂತೆ ನೋಡಿಕೊಳ್ಳಿ. ಸೂರಿಲ್ಲದವರನ್ನು 2011ರಲ್ಲಿ ಫೆಬ್ರವರಿ 28ರ ಒಂದೇ ರಾತ್ರಿ ಎಣಿಸಿದರು; ಅಂಥ ರಾತ್ರಿ ನಿದ್ದೆಗೆಟ್ಟರೂ ಚಿಂತೆಯಿಲ್ಲ. ಮಲದ ಗುಂಡಿಗೆ ಇಳಿಯುವವನ ಕಸುಬು ಏನೆಂದು ಅವನನ್ನೇ ಕೇಳಿ. ಮಲ ಹೊರುವ ಕೆಲಸದಿಂದ ಸತ್ತವರೇ ಇಲ್ಲ ಎಂದು 2021ರಲ್ಲಿ ಪಾರ್ಲಿಮೆಂಟಿನಲ್ಲಿ ಸರ್ಕಾರ ಹೇಳಿತು. ಗುಂಡಿಯಲ್ಲಿ ಉಸಿರುಕಟ್ಟಿ ಸತ್ತವರಿಗೆ ಬೇರೆ ಹೆಸರಿನ ಖಾತೆ ತೆರೆದಿದ್ದರು.

ಸಂಘಟನೆಯ ಗೆಳೆಯರು ಗಣತಿಗೆ ಮುಂಚೆಯೇ ಕೇರಿ ಕೇರಿಯಲ್ಲಿ ಸಭೆ ಸೇರಿಸಲಿ. ಮೂಲ ಜಾತಿ ಯಾವುದು, ಧರ್ಮ ಯಾವುದು ಎಂಬುದನ್ನು ಮನೆಯವರೇ ಮಾತಾಡಿಕೊಂಡು ತೀರ್ಮಾನಿಸಲಿ. ಕೇಳಿದ ಪ್ರಶ್ನೆಗೆ ತಿಳಿದಷ್ಟು ಉತ್ತರ ಹೇಳುವುದು 1948ರ ಗಣತಿ ಕಾಯಿದೆಯ ಪ್ರಕಾರ ಕರ್ತವ್ಯ. ಹೇಳಿದ್ದನ್ನು ಗುಟ್ಟಾಗಿ ಇಡುವುದು ಸರ್ಕಾರದ ಕರ್ತವ್ಯ. ಹೆದರಬೇಕಾದ್ದಿಲ್ಲ. ಬರೆದುಕೊಂಡ ಮೇಲೆ, ಏನು ಬರೆದಿರಿ ಸ್ವಾಮಿ, ಒಂದ್ಸಲ ಓದಿ ಹೇಳಿ ಅಂತ ನಮ್ಮ ತಾಯಂದಿರು ಕೇಳಲಿ. ಎರಡು ಸಾವಿರ ವರ್ಷ ನಮ್ಮ ಬಗ್ಗೆ ಬರೆದದ್ದನ್ನು ಯಾರೂ ನಮಗೆ ಓದಿ ಹೇಳಿರಲಿಲ್ಲ.